ಯಾರೂ ಹತ್ತಿರ ಬಾರದ ಕಂಪ್ಯೂಟರು

ನಟರಾಜು ತನ್ನ ಮನೆಯ ಕಂಪ್ಯೂಟರನ್ನು ಯಾರ ಉಪಯೋಗಕ್ಕೂ ಬಾರದ ಹಾಗೆ ಮಾಡಿಬಿಡಬೇಕೆಂದು ತೀರ್ಮಾನಿಸಿದ್ದು ಒಂದು ಶನಿವಾರ ಸಂಜೆ, ಕಚೇರಿಯ ಸ್ಕೂಟರ್ ಸ್ಟ್ಯಾಂಡಿನಲ್ಲಿ. ಅದಕ್ಕೆ ಕಾರಣವಾದದ್ದು ಹೆಬ್ಬೆರಳುದ್ದದ ಒಂದು ಪೆನ್‌ಡ್ರೈವ್.

"ಇದ್ರಲ್ಲಿ ಲಿನಕ್ಸ್ ಐತೆ ಸಾರ್," ಎಂದ ಪಕ್ಕದ ಮೇಜಿನ ಅಶ್ವತ್ಥ. "ವಿಂಡೋಸ್ ತೆಗೆದಾಕಿ ಇದನ್ನ ಹಾಕ್ಕೊಳ್ಳಿ. ಒಂದು ಗಂಟೆ ಕೆಲಸ. ಪ್ರಿಂಟರ್ ಓಡಲ್ಲ, ನುಡಿ ಫಾಂಟಲ್ಲಿ ಟೈಪ್ ಮಾಡಿದ ಕನ್ನಡ ಕಾಣಲ್ಲ, ಯಾವುದು ಎಲ್ಲೈತೆ ಅಂತ ಯಾರಿಗೂ ಗೊತ್ತಾಗಲ್ಲ. ನಮ್ಮ ಭಾವ ಹಾಕ್ಕೊಂಡು ಆರು ತಿಂಗಳಾಯ್ತು. ಅವನೂ ಹತ್ರ ಹೋಗಿಲ್ಲ."

ಪೆನ್‌ಡ್ರೈವಿನ ಬೆನ್ನಿಗೆ ಬಿಳಿ ಚೀಟಿ ಅಂಟಿಸಿ ಕೆಂಪು ಶಾಯಿಯಲ್ಲಿ 'ಕಂ/೪' ಎಂದು ಬರೆದಿತ್ತು. ಅಶ್ವತ್ಥನ ಜೇಬಿನ ಪೆನ್ನು, ಮನೆಯ ಸ್ಟೇಪ್ಲರು, ಸ್ಕೂಟರಿನ ಸೀಟು ಒರೆಸುವ ಬಟ್ಟೆ, ಎಲ್ಲದರ ಮೇಲೂ ಕಚೇರಿಯ ಯಾವುದಾದರೊಂದು ನಂಬರು ಇದ್ದೇ ಇರುತ್ತಿದ್ದುದರಿಂದ ನಟರಾಜು ಅದನ್ನು ಹೆಚ್ಚು ನೋಡಲಿಲ್ಲ.

ನಟರಾಜು ಮಧುಗಿರಿಯಲ್ಲಿ ಒಂದು ಇಲಾಖೆಯ ಉಪವಿಭಾಗ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಒಂಬತ್ತು ವರ್ಷದ ಹಿಂದೆ, ಇಲಾಖಾ ಪರೀಕ್ಷೆಗೆ ಓದಿಕೊಳ್ಳಲು ಅನುಕೂಲವಾಗಲಿ ಎಂದು ಮನೆಗೆ ಕಂಪ್ಯೂಟರು, ಜೊತೆಗೆ ಪ್ರಿಂಟರು ತಂದಿದ್ದ. ಅಂದಿನಿಂದ ಬೆಟ್ಟದ ಬುಡದ ಆ ಬೀದಿಯಲ್ಲಿ ಯಾರಿಗೆ ಯಾವ ಕಾಗದ ಬೇಕಾದರೂ ಅದು ನಟರಾಜುವಿನ ಮನೆಯಲ್ಲೇ ಹುಟ್ಟಬೇಕಾಯಿತು. ಪಹಣಿ, ಆಧಾರ್, ಹಾಲ್ ಟಿಕೆಟ್, ಗ್ಯಾಸ್ ರಸೀದಿ, ಗೃಹಪ್ರವೇಶದ ಆಹ್ವಾನ. ಕಚೇರಿಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ "ಆಗಲ್ಲ, ನಾಳೆ ಬನ್ನಿ" ಎನ್ನುವುದರಲ್ಲಿ ನಟರಾಜುವಿಗೆ ಯಾವ ಕಷ್ಟವೂ ಇರಲಿಲ್ಲ. ಮನೆಗೆ ಬಂದ ಮೇಲೆ ಅದೇ ಮಾತು ಬಾಯಿಗೆ ಬರುತ್ತಿರಲಿಲ್ಲ. ಬಂದವರಿಗೆ ಹೆಂಡತಿ ದಿವ್ಯ ಟೀ ಕೊಡುತ್ತಿದ್ದಳು, ಅವನು ಪ್ರಿಂಟು ಕೊಡುತ್ತಿದ್ದ, ಪರೀಕ್ಷೆಯ ಪುಸ್ತಕ ಫ್ರಿಜ್ಜಿನ ಮೇಲೆ ಕೂತಿರುತ್ತಿತ್ತು. ಹೀಗೆ ಎರಡು ಸಲ ಫೇಲಾದ.

ಮೂರನೆಯ ಸಲದ ಅರ್ಜಿಗೆ ಈ ಭಾನುವಾರ ಸಂಜೆ ಐದೂವರೆ ಕೊನೆಯ ಗಡುವು. ಈ ಸಲವೂ ಪಾಸಾಗದಿದ್ದರೆ ಜ್ಯೇಷ್ಠತಾ ಪಟ್ಟಿಯಲ್ಲಿ ಅವನಿಗಿಂತ ಒಂದು ಸಾಲು ಕೆಳಗಿರುವ ಅಶ್ವತ್ಥ ಅದೇ ಪರೀಕ್ಷೆ ಬರೆದು ಬಡ್ತಿ ಪಡೆದು ಮೇಲೆ ಹೋಗುತ್ತಿದ್ದ. ಆಮೇಲೆ ನಟರಾಜು ತನ್ನ ರಜೆಯ ಚೀಟಿಯನ್ನು ಅಶ್ವತ್ಥನ ಮುಂದೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಅದನ್ನು ನೆನೆದಾಗಲೆಲ್ಲ ನಟರಾಜುವಿಗೆ ಊಟ ಸೇರುತ್ತಿರಲಿಲ್ಲ. ಅಂಥ ಅಶ್ವತ್ಥನೇ ಸಹಾಯಕ್ಕೆ ಬಂದದ್ದು ನೋಡಿ ಅವನ ಮೇಲಿದ್ದ ಹೊಟ್ಟೆಕಿಚ್ಚಿಗೆ ತನಗೇ ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಟರಾಜು ಬಾಗಿಲು ಮುಂದೆ ಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತ.

"ಮೊದ್ಲು ಅರ್ಜಿ ಹಾಕ್ಬಿಡಿ. ಆಮೇಲೆ ಅದನ್ನ ಏನ್ ಬೇಕಾದ್ರೂ ಮಾಡ್ಕೊಳ್ಳಿ," ಎಂದಳು ದಿವ್ಯ ಒಳಗಿನಿಂದ.

"ಅರ್ಜಿ ತುಂಬ್ತಾ ಕೂತ್ರೆ ಅಷ್ಟ್ರಲ್ಲಿ ನಾಲ್ಕು ಜನ ಬರ್ತಾರೆ. ಕೈಲಿರೋ ಮೌಸ್ ಕಿತ್ಕೋತಾರೆ. ಇದು ಒಂದು ಗಂಟೆ ಕೆಲಸ ಅಷ್ಟೆ."

ದಿವ್ಯ ಒಲೆಯ ಮೇಲೆ ಟೀಗೆ ನೀರಿಟ್ಟಳು. ಹನ್ನೆರಡು ವರ್ಷದ ದಾಂಪತ್ಯದಲ್ಲಿ ಗಂಡನ ಒಂದು ಗಂಟೆ ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಿತ್ತು.

ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಆನ್ ಮಾಡಿದರೆ ಮೊದಲ ಪರದೆಯಲ್ಲೇ ಭಾಷೆಗಳ ಉದ್ದ ಪಟ್ಟಿ. ಇಂಗ್ಲಿಷಿನ ಮೇಲೆ ಬೆರಳಿಡಲು ಹೋದವನ ಕಣ್ಣಿಗೆ ಕೆಳಗೆ 'ಕನ್ನಡ' ಕಾಣಿಸಿತು. ಅಲ್ಲೇ ನಟರಾಜುವಿಗೆ ಆ ಯೋಚನೆ ಹೊಳೆದದ್ದು. ಬೀದಿಯವರು ಕಂಪ್ಯೂಟರ್ ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ. ಫೈಲು, ಪ್ರಿಂಟು, ಓಕೆ. ಕಂಪ್ಯೂಟರಿನ ಒಳಗೆ ಕನ್ನಡ ಹೇಗಿರುತ್ತದೆಂದು ಒಬ್ಬರೂ ನೋಡಿದವರಲ್ಲ. ಇಡೀ ಯಂತ್ರವನ್ನು ಕನ್ನಡ ಮಾಡಿಟ್ಟರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಮಧುಗಿರಿ ಜನರನ್ನು ಕನ್ನಡದಿಂದ ಹೆದರಿಸಿ ಓಡಿಸಬಹುದೆಂದು ಹೀಗೆ ತೀರ್ಮಾನಿಸಿ, ತನ್ನ ಜಾಣತನಕ್ಕೆ ತಾನೇ ತಲೆದೂಗಿ, ನಟರಾಜು 'ಕನ್ನಡ'ವನ್ನು ಒತ್ತಿದ.

ಹಳೆಯದನ್ನೆಲ್ಲ ಅಳಿಸಲೇ ಎಂದು ಯಂತ್ರ ಕೇಳಿತು. ಅಳಿಸು ಎಂದ. ಬೀದಿಯವರ ಒಂಬತ್ತು ವರ್ಷದ ಕಾಗದಪತ್ರಗಳೆಲ್ಲ ಅದರಲ್ಲೇ ಇದ್ದವು, ಆದರೆ ಅವನಿಗೆ ಎದೆ ಹಗುರವಾಯಿತೇ ಹೊರತು ಬೇರೇನೂ ಆಗಲಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಚಿಕ್ಕನರಸಯ್ಯ ಬಂದರು. ಬಸ್ ಕಂಡಕ್ಟರಾಗಿ ನಿವೃತ್ತರಾಗಿ ಏಳು ವರ್ಷವಾದರೂ ಹೆಗಲಿನ ಚರ್ಮದ ಚೀಲ ಇಳಿದಿರಲಿಲ್ಲ. ಬೀದಿ ದೀಪ ಉರಿಯುತ್ತಿಲ್ಲವೆಂದು ಸಂಬಂಧಪಟ್ಟವರಿಗೆ ವಾರಕ್ಕೊಂದು ದೂರು ಬರೆಯುವುದು ಅವರ ಈಗಿನ ಉದ್ಯೋಗ.

"ಏನ್ಲಾ ನಟರಾಜ, ಏನೋ ಓಡ್ತಾ ಐತೆ?"

"ಹೊಸದು ಹಾಕ್ತಾ ಇದೀನಿ ಅಣ್ಣ. ಲಿನಕ್ಸ್ ಅಂತ. ಇನ್ಮೇಲೆ ಇದ್ರಲ್ಲಿ ಪ್ರಿಂಟೂ ಆಗಲ್ಲ, ಏನೂ ಆಗಲ್ಲ." ನಟರಾಜು ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡ.

"ಆಗ್ಲಿ ಬುಡು, ನೋಡಾನ," ಎಂದು ಚಿಕ್ಕನರಸಯ್ಯ ಕುರ್ಚಿ ಎಳೆದುಕೊಂಡು ಪರದೆಯ ಪಕ್ಕದಲ್ಲೇ ಕೂತು, ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಎಲ್ಲಿಗೆ ಬಂತೆಂದು ಕೂಗಿ ಹೇಳತೊಡಗಿದರು. "ಇಪ್ಪತ್ತಾಯ್ತು. ಇಪ್ಪತ್ತೈದು. ಮೂವತ್ತರಾಗೆ ನಿಂತೈತೆ. ಹಾಂ, ಹೊಂಟ್ತು." ಮೂವತ್ತೈದು ವರ್ಷ ಪಾವಗಡದ ರೂಟಿನಲ್ಲಿ ಕೂಗಿದ ಗಂಟಲು. ಬೀದಿಯ ಆ ತುದಿಯವರೆಗೂ ಕೇಳಿಸಿತು.

ಕೇಳಿಸಿಕೊಂಡು ಬಂದವರಲ್ಲಿ ಮೊದಲನೆಯವರು ಎದುರು ಮನೆಯ ಕೊಲ್ಲಾಪುರಮ್ಮ. ಚನ್ನರಾಯನದುರ್ಗದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ ಅಜ್ಜಿ. ಆ ನಾಲ್ಕು ಕ್ಲಾಸಿನಲ್ಲಿ ಕಲಿತದ್ದನ್ನು ಒಂದು ದಿನವೂ ಖಾಲಿ ಬಿಟ್ಟವರಲ್ಲ. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಬೋಂಡ ಕಟ್ಟಿಕೊಟ್ಟ ಕಾಗದ, ಎಲ್ಲವನ್ನೂ ಗಟ್ಟಿಯಾಗಿ ಓದುವರು. ಕಂಪ್ಯೂಟರನ್ನು ಮಾತ್ರ ಅವರು ಒಂಬತ್ತು ವರ್ಷದಿಂದ ಹೊಸ್ತಿಲಾಚೆಯಿಂದಲೇ ನೋಡಿದ್ದರು. ಅದು ಇಂಗ್ಲಿಷ್ ಯಂತ್ರ, ತಮಗಲ್ಲ ಎಂದು.

ಪಟ್ಟಿ ತುಂಬಿತು. ಗುಪ್ತಪದ ಕೊಡಿ ಎಂದು ಯಂತ್ರ ಕೇಳಿತು. ಇದು ನಟರಾಜುವಿನ ಎರಡನೆಯ ಬೀಗ. ಯಾರಿಗೂ ಊಹಿಸಲಾಗದ ಪದವೊಂದನ್ನು ರಾತ್ರಿಯೇ ಯೋಚಿಸಿಟ್ಟುಕೊಂಡಿದ್ದ.

"ಅದೇ ತಾನೆ, ದಿವ್ಯ ಒನ್ ಟೂ ತ್ರೀ?" ಎಂದರು ಚಿಕ್ಕನರಸಯ್ಯ.

"ಇಲ್ಲ, ಈ ಸಲ ಬೇರೆ..."

"ಹೆಂಡ್ತಿ ಹೆಸರು ಬುಟ್ಟು ಬೇರೆ ಯಾರ ಹೆಸರು ಹಾಕ್ತೀಯಪ್ಪ?" ಎಂದರು ಕೊಲ್ಲಾಪುರಮ್ಮ.

ಟೀ ತಟ್ಟೆ ಹಿಡಿದು ಬರುತ್ತಿದ್ದ ದಿವ್ಯ ಬಾಗಿಲಲ್ಲೇ ನಿಂತಳು. ನಟರಾಜು ದಿವ್ಯ ಒನ್ ಟೂ ತ್ರೀ ಎಂದೇ ಒತ್ತಿದ.

ಹನ್ನೊಂದು ಗಂಟೆಗೆ ಹೊಸ ಕಂಪ್ಯೂಟರ್ ಕಣ್ಣು ಬಿಟ್ಟಿತು. 'ನೆಲೆ' ಎಂದಿತ್ತು, 'ಕಡತಗಳು' ಎಂದಿತ್ತು, ಮೂಲೆಯಲ್ಲಿ 'ಕಸಬುಟ್ಟಿ' ಎಂದಿತ್ತು. ನಟರಾಜುವಿಗೇ ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ಅವನಿಗೆ ಬಹಳ ಸಂತೋಷವಾಯಿತು.

ಸಂತೋಷ ಹೆಚ್ಚು ಹೊತ್ತು ಇರಲಿಲ್ಲ. ಮೇಜಿನ ಕೆಳಗಿದ್ದ ಪ್ರಿಂಟರು ಯಾರೂ ಕೇಳದೆ ಗುರುಗುಟ್ಟಿ ಒಂದು ಸಲ ಮೈಮುರಿಯಿತು. 'ಮುದ್ರಕ ಸಿದ್ಧವಾಗಿದೆ' ಎಂದು ಪರದೆ ಹೇಳಿತು. ಹಳೆಯ ವಿಂಡೋಸಿನಲ್ಲಿ ಹತ್ತು ಕಾಗದಕ್ಕೆ ಮೂರು ಸಲ ಮುನಿಸಿಕೊಳ್ಳುತ್ತಿದ್ದ ಪ್ರಿಂಟರು ಅದು. ಅಷ್ಟೇ ಅಲ್ಲ, ಅದರ ತಲೆಯ ಮೇಲಿನ ಸ್ಕ್ಯಾನರಿನ ದೀಪವೂ ಹೊತ್ತಿಕೊಂಡಿತು. ಸ್ಕ್ಯಾನರು ಕೆಟ್ಟು ಎರಡು ವರ್ಷವಾಯಿತೆಂದು ನಟರಾಜು ಬೀದಿಗೆಲ್ಲ ಹೇಳಿದ್ದ.

"ರಿಪೇರಿ ಆಗೋಯ್ತಲ್ಲೋ," ಎಂದರು ಚಿಕ್ಕನರಸಯ್ಯ. ಚೀಲದಿಂದ ತಮ್ಮದೇ ಪೆನ್‌ಡ್ರೈವ್ ತೆಗೆದು ಹೋದ ವಾರದ ದೂರನ್ನು ತೆರೆಸಿದರು. ಅದು ನುಡಿಯಲ್ಲಿ ಟೈಪಾದದ್ದು. ಪರದೆಯ ತುಂಬ ಕೊಂಬು, ಬಾಲ, ಚುಕ್ಕೆಯಿದ್ದ ಇಂಗ್ಲಿಷ್ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಕೊನೆಗೂ ಒಂದು ಕೆಟ್ಟಿತೆಂದು ನಟರಾಜು ಉಸಿರು ಬಿಟ್ಟ.

"ನೋಡಿದ್ರಾ ಅಣ್ಣ? ನಾನು ಹೇಳ್ಲಿಲ್ವಾ, ಒಂದಕ್ಷರಾನೂ ಓದಕ್ಕಾಗಲ್ಲ."

ಚಿಕ್ಕನರಸಯ್ಯ ಕನ್ನಡಕ ಏರಿಸಿ ನೋಡಿದರು. "ಇರ್ಲಿ, ಅಂಗೇ ಹಾಕು. ಅವ್ರು ಓದೋದೂ ಅಷ್ಟ್ರಾಗೇ ಐತೆ."

ಅಷ್ಟು ಹೊತ್ತಿಗೆ ಕೊಲ್ಲಾಪುರಮ್ಮ ಹೊಸ್ತಿಲು ದಾಟಿ ಒಳಗೆ ಬಂದಿದ್ದರು. ಪರದೆಯ ಹತ್ತಿರ ಬಗ್ಗಿ, ಬಸ್ಸಿನ ಬೋರ್ಡು ಓದುವ ದನಿಯಲ್ಲೇ ಓದಿದರು. "ತೆರೆ. ಉಳಿಸು. ಮು-ದ್ರಿ-ಸು." ಆಮೇಲೆ ನಟರಾಜುವಿನ ಕಡೆ ತಿರುಗಿದರು. "ಮುದ್ರಿಸು ಅಂದ್ರೆ ಪ್ರಿಂಟು ಅಲ್ವೇನಪ್ಪ? ಲಗ್ನಪತ್ರಿಕೆ ಕೆಳಗೆ ಮುದ್ರಕರು ಅಂತ ಹಾಕಿರ್ತಾರಲ್ಲ."

ಅಜ್ಜಿ ಮೌಸನ್ನು ರಾಗಿ ಮುದ್ದೆಯ ಹಾಗೆ ಅಂಗೈಯಲ್ಲಿ ಹಿಡಿದು ಒತ್ತಿದರು. ಪ್ರಿಂಟರಿನಿಂದ ದೂರು ಬಿಸಿಬಿಸಿಯಾಗಿ ಹೊರಬಂತು.

"ಇಷ್ಟೇನಾ?" ಎಂದರು ಕೊಲ್ಲಾಪುರಮ್ಮ. "ಇಷ್ಟಕ್ಕೆ ಒಂಬತ್ತು ವರ್ಸ ನಿನ್ನ ಬಾಗಿಲು ಕಾದ್ನಾ?"

ಅವರೇ ಹೋಗಿ ಕುರ್ಚಿಯಲ್ಲಿ ಕೂತರು. ನಟರಾಜು ಎದ್ದು ನಿಂತಿದ್ದ. ಯಾವಾಗ ಎದ್ದನೆಂದು ಅವನಿಗೇ ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಿಂದಿನ ಬೀದಿಗೂ ಮುಟ್ಟಿತು. ನಟರಾಜನ ಮನೆಯ ಕಂಪ್ಯೂಟರು ಕನ್ನಡದ್ದಾಗಿದೆ, ಕೊಲ್ಲಾಪುರಮ್ಮನೇ ಓಡಿಸುತ್ತಾಳೆ, ಸ್ಕ್ಯಾನೂ ಆಗುತ್ತದೆ. ಇಂಗ್ಲಿಷಿಗೆ ಹೆದರಿ, ನಟರಾಜುವಿಗೆ ತೊಂದರೆ ಕೊಡಬಾರದೆಂದು ಸುಮ್ಮನಿದ್ದವರೂ ಬಂದರು. ಇಷ್ಟು ವರ್ಷ ಬರುತ್ತಿದ್ದವರು ಬೀದಿಯ ಅರ್ಧ ಜನ ಮಾತ್ರ ಎಂಬುದು ನಟರಾಜುವಿಗೆ ಅಂದೇ ತಿಳಿದದ್ದು. ಜಗಲಿ ತುಂಬಿತು. ಚಪ್ಪಲಿಗಳು ಗೇಟಿನಾಚೆ ಹೋದವು. ನೂಕುನುಗ್ಗಲಾಗಬಾರದೆಂದು ಚಿಕ್ಕನರಸಯ್ಯ ಚೀಲದಿಂದ ಚೀಟಿ ಹರಿದು ಹರಿದು ನಂಬರು ಕೊಟ್ಟರು. "ಒಳಗೆ ಜಾಗ ಐತೆ, ಮುಂದಕ್ಕೆ ಹೋಗಿ," ಎಂದು ಅವರು ಅನ್ನುವಾಗ ಮುಖದಲ್ಲಿ ಏಳು ವರ್ಷದಿಂದ ಕಾಣದ ಕಳೆಯಿತ್ತು.

ಎರಡೂವರೆಗೆ ನಟರಾಜು ಗಂಟಲು ಸರಿಮಾಡಿಕೊಂಡ. "ಅಣ್ಣ, ನಂದೊಂದು ಅರ್ಜಿ ಇತ್ತು. ಪರೀಕ್ಷೇದು. ಐದೂವರೆಗೆ ಲಾಸ್ಟು."

"ನಿನ್ನ ನಂಬರೆಷ್ಟು?"

"ನಾನು ತಗೊಂಡಿಲ್ಲ."

"ತಗಾ. ಇಪ್ಪತ್ತೆರಡು." ಚಿಕ್ಕನರಸಯ್ಯ ಚೀಟಿ ಹರಿದು ಕೊಟ್ಟರು. ಕೊಲ್ಲಾಪುರಮ್ಮ ಆಗ ಒಂಬತ್ತನೆಯವರ ಪಹಣಿಯನ್ನು ಸರ್ವೆ ನಂಬರಿನಿಂದ ಹಿಡಿದು ಕಡೆಯ ಷರಾ ತನಕ ಗಟ್ಟಿಯಾಗಿ ಓದುತ್ತಿದ್ದರು.

ನಟರಾಜು ತನ್ನ ಮನೆಯ ಮೆಟ್ಟಿಲ ಮೇಲೆ, ತನ್ನ ಪಾಳಿಗೆ ಕಾಯುತ್ತ ಕೂತ. ಫೋನಿನಲ್ಲೇ ತುಂಬೋಣವೆಂದು ನೋಡಿದ. ಫೋಟೋ ಇಷ್ಟೇ ಗಾತ್ರ, ಸಹಿ ಇಷ್ಟೇ ಗಾತ್ರವೆಂದು ಅದು ಆರು ಸಲ ವಾಪಸು ಕಳಿಸಿತು. ಮೂರಾಯಿತು, ಮೂರೂವರೆಯಾಯಿತು. ಅಶ್ವತ್ಥ ದೊಡ್ಡ ಮೇಜಿನ ಹಿಂದೆ ಕೂತು ತನ್ನ ರಜೆಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುವುದು ಕಣ್ಣಿಗೆ ಕಟ್ಟಿತು.

ನಾಲ್ಕು ಗಂಟೆಗೆ ಒಳಗಿನಿಂದ ಕೊಲ್ಲಾಪುರಮ್ಮನ ದನಿ ಕೇಳಿಸಿತು. "ನಾಲ್ಕೂವರೆಗೆ ರಾಹುಕಾಲ. ಆಮೇಲೆ ಆರರ ತನಕ ನಾನು ಏನೂ ಒತ್ತಾಕಿಲ್ಲ. ನಟರಾಜುಂದು ಅದೇನೋ ಐತಂತಲ್ಲ, ಕರೀರಿ. ಪಾಪ, ಮನೇನೂ ಅವಂದೇ."

ನಟರಾಜು ಕುರ್ಚಿಗೆ ಬಿದ್ದ. ವೆಬ್‌ಸೈಟು ಇಂಗ್ಲಿಷಿನದು, ಅದು ಅವನಿಗೆ ಗೊತ್ತು. ಆದರೆ ಸ್ಕ್ಯಾನ್ ಮಾಡಿದ ಸಹಿ ಎಲ್ಲಿ ಹೋಗಿ ಕೂತಿತೆಂದು ಗೊತ್ತಾಗಲಿಲ್ಲ. ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ 'ಕಡತವನ್ನು ಮಂಡಿಸಿದೆ' ಎಂದು ಬರೆಯುವ ಮನುಷ್ಯನಿಗೆ ಪರದೆಯ ಮೇಲಿನ ಕಡತ ಸಿಗಲಿಲ್ಲ.

"ನೆಲೆ ಒಳಗೆ ನೋಡು," ಎಂದರು ಪಕ್ಕದಲ್ಲಿ ನಿಂತಿದ್ದ ಕೊಲ್ಲಾಪುರಮ್ಮ. "ಅದ್ರಾಗೆ 'ಚಿತ್ರಗಳು' ಅಂತ ಐತೆ ನೋಡು. ನಿದಾನಕ್ಕೆ ಓದು. ಕನ್ನಡನೇ ಅಲ್ವಾ ಅದು."

ಚಿತ್ರಗಳ ಒಳಗೆ ಸಹಿ ಇತ್ತು, ಫೋಟೋ ಇತ್ತು. ನಾಲ್ಕು ಇಪ್ಪತ್ತಾರಕ್ಕೆ ಅರ್ಜಿ ಸ್ವೀಕೃತವಾಯಿತು. ಅಜ್ಜಿ ತಾವೇ 'ಮುದ್ರಿಸು' ಒತ್ತಿ, ಬಂದ ಕಾಗದವನ್ನು ಅವನ ಕೈಗೆ ಕೊಟ್ಟು, "ಪಾಸಾಗು, ಹೋಗು," ಎಂದರು. ಅವರನ್ನು ಹೊರಗಿಡುವುದಕ್ಕೆಂದೇ ಬೆಳಿಗ್ಗೆಯಿಂದ ತಾನು ಪಟ್ಟ ಪಾಡು ನೆನಪಾಗಿ ನಟರಾಜುವಿನ ಕಣ್ಣು ತುಂಬಿತು. ನಾಳೆಯಿಂದ ಗ್ರಂಥಾಲಯಕ್ಕೆ ಹೋಗಿ ಓದಿಕೊಂಡರಾಯಿತು, ಬೀದಿಯವರು ಬೇಕಾದಷ್ಟು ಮುದ್ರಿಸಿಕೊಳ್ಳಲಿ ಎಂದುಕೊಂಡ.

ಅರ್ಜಿಯ ಪ್ರತಿಗೆ ಕಚೇರಿ ಮುಖ್ಯಸ್ಥರ ಸಹಿಯೊಂದು ಬೇಕಿತ್ತು. ಸಾಹೇಬರು ಸೋಮವಾರ ಬೆಳಗಾದರೆ ಕ್ಯಾಂಪಿಗೆ ಹೋಗುವವರು. ನಟರಾಜು ಸ್ಕೂಟರಿನ ಕೀಲಿ ತೆಗೆದುಕೊಂಡ.

"ರಾಹುಕಾಲದಾಗೆ ಹೋಗ್ಬ್ಯಾಡ ಕಣಪ್ಪ," ಎಂದರು ಕೊಲ್ಲಾಪುರಮ್ಮ.

"ಅರ್ಜಿ ಹಾಕಿದ್ದಾಯ್ತಲ್ಲ ಅಜ್ಜಿ. ಇನ್ನೇನಾಗ್ತದೆ?" ಎಂದು ಅವನು ಹೊರಟ.

ಸಾಹೇಬರು ಮಲ್ಲಿಕಾರ್ಜುನಯ್ಯ ತಮ್ಮ ಮನೆಯ ಜಗಲಿಯಲ್ಲಿ ಸುತ್ತೋಲೆಯೊಂದನ್ನು ಹಿಡಿದು ಕೂತಿದ್ದರು. ಅರ್ಜಿಯನ್ನು ಓದಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ಸಹಿಯ ಸ್ಕ್ಯಾನನ್ನು ನೋಡಿದರು.

"ಎಲ್ರೀ ತೆಗೆಸಿದ್ದು? ಇಷ್ಟು ನೀಟಾಗಿ ಬಂದಿದೆ."

"ಮನೇಲೇ ಸಾರ್. ಲಿನಕ್ಸ್ ಹಾಕಿದೆ." ಹೆಮ್ಮೆ ತಡೆಯಲಾರದೆ ನಟರಾಜು ಇನ್ನೂ ಒಂದು ಮಾತು ಸೇರಿಸಿದ. "ಪೂರ್ತಿ ಕನ್ನಡದಲ್ಲಿ ಸಾರ್. ನಮ್ಮ ಬೀದಿ ಅಜ್ಜಿ ಒಬ್ರು ಬೆಳಿಗ್ಗೆಯಿಂದ ಓಡಿಸ್ತಾ ಇದಾರೆ."

ಮಲ್ಲಿಕಾರ್ಜುನಯ್ಯ ಕನ್ನಡಕ ತೆಗೆದರು. "ಹಂಗಾದ್ರೆ ಅಶ್ವತ್ಥ ಹೇಳಿದ್ದು ನಿಜ. ಬೆಳಿಗ್ಗೆ ಫೋನ್ ಮಾಡಿದ್ದ, ನಟರಾಜು ಸಾರ್ ಮನೇಲಿ ಟ್ರೈ ಮಾಡ್ತಾ ಇದಾರೆ, ಅವ್ರಿಗೇ ವಹಿಸಿ ಅಂತ. ಪೆನ್‌ಡ್ರೈವ್ ತಂದಿದೀರಾ?"

"ಯಾವ ಪೆನ್‌ಡ್ರೈವ್ ಸಾರ್?"

"ಅದೇರೀ, ಕಂ/೪. ನಾನೇ ತಾನೆ ಅಶ್ವತ್ಥನಿಗೆ ಕೊಟ್ಟಿದ್ದು." ಸುತ್ತೋಲೆಯನ್ನು ಅವನ ಮುಂದೆ ಹಿಡಿದರು. "ಮುಂದಿನ ತಿಂಗಳು ಕನ್ನಡ ಅನುಷ್ಠಾನದ ತನಿಖೆ ಇದೆ. ಉಪವಿಭಾಗದ ಹಳೇ ಕಂಪ್ಯೂಟರೆಲ್ಲ ಲಿನಕ್ಸ್ ಆಗಬೇಕು, ಕನ್ನಡದಲ್ಲೇ ಇರಬೇಕು. ಗೊತ್ತಿರೋರು ಯಾರಾದ್ರೂ ಸಿಕ್ರೆ ಸರಿ, ಇಲ್ಲಾಂದ್ರೆ ನೀನೇ ಹೋಗ್ಬೇಕು ಅಂದಿದ್ದೆ ಅವನಿಗೆ. ಪಾಪ, ಅವನಿಗೂ ಪರೀಕ್ಷೆ ನೋಡಿ. ಒದ್ದಾಡಿಬಿಟ್ಟಿದ್ದ."

ನಟರಾಜು ಸುತ್ತೋಲೆಯಲ್ಲಿ ದಿನಾಂಕ ಹುಡುಕಿದ. "ಸಾರ್, ಹೋಗೋದು ಯಾವಾಗ?"

"ಹನ್ನೆರಡರಿಂದ ಹದಿನೆಂಟು. ಶಿರಾ ಎರಡು ದಿನ, ಕೊರಟಗೆರೆ ಒಂದು ದಿನ, ಉಳಿದದ್ದು ಪಾವಗಡ."

"ಪರೀಕ್ಷೆ ಹದಿನಾಲ್ಕು, ಹದಿನೈದು ಸಾರ್. ನಂದೂ ಅದೇ ಪರೀಕ್ಷೆ."

ಮಲ್ಲಿಕಾರ್ಜುನಯ್ಯ ಆಗ ಅರ್ಜಿಯನ್ನು ಓದಿದರು. ಅವರಿಗೆ ನಿಜವಾಗಿಯೂ ಬೇಸರವಾದಂತಿತ್ತು. "ಸಹಿ ಹಾಕ್ತೀನಿ. ಅದಕ್ಕೇನು," ಎಂದು ಸಹಿ ಹಾಕಿ, ಕೆಳಗೆ ದಿನಾಂಕವನ್ನೂ ಬರೆದು ಕೊಟ್ಟರು. "ಮುಂದಿನ ವರ್ಷನೂ ಬರೀತಾರೆ ಪರೀಕ್ಷೆ. ಕನ್ನಡದ ಕೆಲಸಕ್ಕೆ ಎಲ್ಲರೂ ಸಿಗಲ್ಲ ನಟರಾಜು. ಆದೇಶ ಫೋನಿಗೆ ಕಳಿಸ್ತೀನಿ. ಆಫೀಸ್ ಪ್ರಿಂಟರ್ ಕೆಟ್ಟಿದೆ, ನಿಮ್ಮನೇಲೇ ಮೂರು ಪ್ರತಿ ತೆಗೆದು ಒಂದು ಟಪಾಲಿಗೆ ಕೊಡಿ."

ನಟರಾಜು ಮನೆಗೆ ಬಂದಾಗ ಆರು ದಾಟಿತ್ತು. ರಾಹುಕಾಲ ಮುಗಿದು ಸಾಲು ಮತ್ತೆ ನಡೆಯುತ್ತಿತ್ತು. ಅವನು ಕೈ ಚಾಚಿದ. ಚಿಕ್ಕನರಸಯ್ಯ ಚೀಟಿ ಹರಿದುಕೊಟ್ಟರು. ಮೂವತ್ತೇಳು. ದಿವ್ಯ ಎಲ್ಲರಿಗೂ ಕೊಟ್ಟ ಹಾಗೆ ಅವನಿಗೂ ಒಂದು ಲೋಟ ಟೀ ಕೊಟ್ಟು ಹೋದಳು.

ಪಾಳಿ ಬಂದಾಗ ಕೊಲ್ಲಾಪುರಮ್ಮ ಆದೇಶವನ್ನು ತೆರೆದು, ಬಿಡದ ಅಭ್ಯಾಸದಂತೆ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. "...ಸದರಿಯವರು ಲಿನಕ್ಸ್ ತಂತ್ರಾಂಶದಲ್ಲಿ ಪರಿಣತಿ ಹೊಂದಿರುವುದರಿಂದ ಶಿರಾ, ಕೊರಟಗೆರೆ, ಪಾವಗಡ ಕಚೇರಿಗಳಿಗೆ ನಿಯೋಜಿಸಿ ಆದೇಶಿಸಿದೆ." ಜಗಲಿಯಲ್ಲಿದ್ದವರೆಲ್ಲ ಮೆಚ್ಚಿಗೆಯಿಂದ ನಟರಾಜುವನ್ನು ನೋಡಿದರು.

"ಅಂದ್ರೆ ಒಂದು ವಾರ ನೀನು ಊರಾಗೆ ಇರಾಕಿಲ್ಲ," ಎಂದರು ಕೊಲ್ಲಾಪುರಮ್ಮ.

"ಇಲ್ಲ ಅಜ್ಜಿ."

"ಹೋಗ್ಬಾ. ಇಲ್ಲಿ ನಾನು ನೋಡ್ಕೋತೀನಿ. ಎಷ್ಟು ಪ್ರತಿ?"

"ಮೂರು," ಎಂದ ನಟರಾಜು.

ಅಜ್ಜಿ 'ಮುದ್ರಿಸು' ಒತ್ತಿದರು. ಪ್ರಿಂಟರು ಒಂದು ಸಲವೂ ತಡವರಿಸದೆ ಮೂರನ್ನೂ ಕೊಟ್ಟಿತು.